ದುರಸ್ತಿಯ ನೋಟಿಸು: ಮೈಸೂರು ಸೀಮೆಯಲ್ಲಿ ಪುರಸಭೆಗಳ ಕಟ್ಟಡಾಧಿಕಾರದ ಚರಿತ್ರೆ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ವೈಸರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ 1892ರಲ್ಲಿ ಎದ್ದ ಈ ಸಾಲುಮಳಿಗೆ ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿತ್ತು. ನಾಲ್ಕು ವರ್ಷ ಕಳೆದು, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಭಾಗ ನೆಲಕ್ಕೆ ಬಂತು. ಎರಡೂ ಮಹಾನಗರ ಪಾಲಿಕೆಯ ಸ್ವತ್ತು. ಊರಿನ ಯಾವ ಮನೆಯ ಗೋಡೆ ವಾಲಿದರೂ ಮಾಲೀಕನಿಗೆ ನೋಟಿಸು ಕೊಟ್ಟು ದುರಸ್ತಿ ಮಾಡಿಸುವ ಅಧಿಕಾರ ಕಾನೂನಿನ ಪ್ರಕಾರ ಇರುವುದು ಇದೇ ಪಾಲಿಕೆಗೆ. ಆ ಅಧಿಕಾರ ಎಲ್ಲಿಂದ ಬಂತು, ಏಕೆ ಸೊರಗಿತು ಎಂಬುದನ್ನು ಇಲ್ಲಿ ಹಿಂಬಾಲಿಸಿ ನೋಡಿದ್ದೇನೆ.

1850ರ 26ನೆಯ ಕಾಯ್ದೆಯ ಆಧಾರದ ಮೇಲೆ 1862ರಲ್ಲಿ ಬೆಂಗಳೂರಿಗೆ ಎರಡು ಮುನಸಿಪಾಲಿಟಿಗಳು ಬಂದವು, ಪೇಟೆಗೊಂದು, ದಂಡಿಗೊಂದು. ಬೀದಿ ಗುಡಿಸುವುದು, ದೀಪ ಹಚ್ಚುವುದು, ಚರಂಡಿ ತೆಗೆಸುವುದು ಅವುಗಳ ಮುಖ್ಯ ಕೆಲಸ. ಮನೆಯ ಹೊಸ್ತಿಲಿನೊಳಗೆ ಸರ್ಕಾರದ ಕಾಲು ಗಟ್ಟಿಯಾಗಿ ಬಿದ್ದದ್ದು ಪ್ಲೇಗು ಬಂದಾಗ. 1898ರಲ್ಲಿ ರೋಗ ಬೆಂಗಳೂರನ್ನು ಹೊಕ್ಕಿತು. ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಗಾಳಿ ಬೆಳಕಿಲ್ಲದ ಕೋಣೆ, ಗೋಡೆಗೆ ಗೋಡೆ ತಾಗಿದ ಮನೆ ಆವರೆಗೆ ಒಡೆಯನ ಸ್ವಂತ ವಿಷಯವಾಗಿದ್ದವು, ಈಗ ಊರಿನ ಆರೋಗ್ಯದ ವಿಷಯವಾದವು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಇದರ ಬೆನ್ನಿಗೇ. ಅಗಲ ರಸ್ತೆ, ಮನೆಯ ಸುತ್ತ ಬಿಟ್ಟ ಜಾಗ, ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿ. ಇಂದು ಸೆಟ್‌ಬ್ಯಾಕ್ ಎಂದು ಕರೆದು ಗೊಣಗುವ ಆ ಮೂರಡಿ ಜಾಗದ ಹಿಂದೆ ಸತ್ತವರ ಲೆಕ್ಕವಿದೆ.

ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲಿಯೇ ಮೊದಲನೆಯದು ಎಂದು ಇದನ್ನು ಹಲವರು ಬರೆಯುತ್ತಾರೆ; ಅದು ಸರಿಯಲ್ಲ, ಮುಂಬಯಿಯ ಮಂಡಳಿ ಅದಕ್ಕಿಂತ ಐದು ವರ್ಷ ಹಿರಿದು. ಆದರೂ ಸಂಸ್ಥಾನವೊಂದು ಅಷ್ಟು ಬೇಗ ಈ ದಾರಿ ಹಿಡಿದದ್ದು ಸಣ್ಣ ಮಾತಲ್ಲ.

ಪುರಸಭೆಗಳ ಕೈಗೆ ಬಂದ ಅಧಿಕಾರದಲ್ಲಿ ಎರಡು ಎಳೆಗಳಿದ್ದವು. ಕಟ್ಟುವ ಮುನ್ನ ನಕ್ಷೆ ನೋಡಿ ಅನುಮತಿ ಕೊಡುವುದು ಒಂದು, ಕಟ್ಟಿದ್ದು ಶಿಥಿಲವಾದಾಗ ಸರಿಪಡಿಸುವಂತೆ ಮಾಡುವುದು ಇನ್ನೊಂದು. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲೂ ಎರಡೂ ಇವೆ. ಅಪಾಯದ ಕಟ್ಟಡವನ್ನು ದುರಸ್ತಿ ಮಾಡು, ಆಸರೆ ಕೊಡು, ಇಲ್ಲವೇ ಕೆಡವು ಎಂದು ಆಯುಕ್ತರು ಹೇಳಬಹುದು. ಮಾಲೀಕ ಮಾಡದಿದ್ದರೆ ತಾವೇ ಮಾಡಿಸಿ ಖರ್ಚು ವಸೂಲು ಮಾಡಬಹುದು. ಅನುಮತಿ ಮೀರಿ ಕಟ್ಟಿದವರಿಗೆ 321ನೆಯ ಪ್ರಕರಣದ ಕೆಳಗೆ ತಾತ್ಕಾಲಿಕ ಆದೇಶ, ಕಾರಣ ಕೇಳಿ ನೋಟಿಸು, ಬಳಿಕ ದೃಢೀಕರಣ ಎಂಬ ಮೂರು ಮೆಟ್ಟಿಲು. ಉಲ್ಲಂಘನೆ ತಡೆಯದ ಅಧಿಕಾರಿಗೂ ದಂಡನೆ ಎಂದು ಆಮೇಲೆ 321ಬಿ ಸೇರಿಕೊಂಡಿತು.

ನಕ್ಷೆಯ ಎಳೆ ಬೆಳೆಯಿತು, ದುರಸ್ತಿಯದು ಒಣಗಿತು. ಇದಕ್ಕೆ ಮುಖ್ಯ ಕಾರಣ ಹಣವೆಂದು ನನಗನಿಸುತ್ತದೆ. ನಕ್ಷೆ ಮಂಜೂರಾತಿಯಿಂದ ಶುಲ್ಕ ಬರುತ್ತದೆ. ಶಿಥಿಲ ಗೋಡೆಗೆ ಪಾಲಿಕೆಯೇ ಮೊದಲು ಖರ್ಚು ಮಾಡಿ, ಮಾಲೀಕನ ಹಿಂದೆ ವರ್ಷಗಟ್ಟಲೆ ಅಲೆಯಬೇಕು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯೂ ಇದಕ್ಕೆ ಕೈಜೋಡಿಸಿತು. ಹಳೇ ಪೇಟೆಗಳಲ್ಲಿ ಬಾಡಿಗೆ ಏರಲಿಲ್ಲ, ಹಾಗಾಗಿ ಮಾಲೀಕ ಸುಣ್ಣ ಬಳಿಸಲಿಲ್ಲ. ಕೆಡವಿ ಹೊಸದು ಕಟ್ಟುವುದಕ್ಕೆ ಬೇಕೆಂದರೆ ಬಾಡಿಗೆದಾರನನ್ನು ಬಿಡಿಸಲು ಅದೇ ಕಾಯ್ದೆಯಲ್ಲಿ ದಾರಿಯಿತ್ತು. ಕಟ್ಟಡ ಬೇಗ ಹಾಳಾದಷ್ಟೂ ಮಾಲೀಕನಿಗೆ ಲಾಭ.

ಶಿಥಿಲವಾಗುವುದು ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ದೇವರಾಜ ಮಾರುಕಟ್ಟೆಯಂಥ ಕಟ್ಟಡದ ಸೂರು ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಅಂಚು ನಿಲ್ಲಿಸಿ ಓರೆಯಾಗಿ ಜೋಡಿಸಿದ ತೆಳು ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರು ಇಳಿದು, ತೊಲೆಯ ತುದಿ ಗೋಡೆಯೊಳಗೆ ಹುದುಗಿರುವ ಕಡೆ ನಿಲ್ಲುತ್ತದೆ. ಅಲ್ಲಿ ಮರ ಕೊಳೆಯುವುದು ಕೆಳಗೆ ನಿಂತವನ ಕಣ್ಣಿಗೆ ಕಾಣುವುದಿಲ್ಲ. ಕೈಪಿಡಿ ಗೋಡೆಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿ ಸಸಿಯೊಂದು ಚಿಗುರಿ, ಅದರ ಬೇರು ಗಾರೆಯನ್ನು ಸೀಳುತ್ತದೆ. ಮಳೆಗಾಲಕ್ಕೆ ಮುಂಚೆ ಒಬ್ಬ ಗಾರೆಯವನು ಮೇಲೆ ಹತ್ತಿ ಸಸಿ ಕಿತ್ತು, ಬಿರುಕಿಗೆ ಸುಣ್ಣ ತುಂಬಿದರೆ ಆ ವರ್ಷದ ಕೆಲಸ ಮುಗಿಯಿತು. ಅಷ್ಟು ಸಣ್ಣ ಕೆಲಸ ವರ್ಷವರ್ಷವೂ ತಪ್ಪಿದರೆ ಕೊನೆಗೆ ಬೀಳುವುದು ಇಡೀ ಸೂರು.

ಇತ್ತೀಚಿನ ಕಾನೂನಿನ ಜಗಳಗಳೆಲ್ಲ ನಕ್ಷೆಯ ಸುತ್ತಲೇ ಸುತ್ತಿವೆ. ಅಕ್ರಮ-ಸಕ್ರಮ ಯೋಜನೆ ವಾಸದ ಮನೆಗೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪಲು ಹೊರಟಿತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಬೇಡವೆಂದಿತು. ಇದು ಬೇಕಾದ ಬಿಗಿಯೇ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ಸತ್ತದ್ದನ್ನು ನೋಡಿದವರು ಇದಕ್ಕೆ ಎದುರಾಡಲಾರರು. ಆದರೆ ಆ ಪತ್ರ ಕೈಗೆ ಬಂದ ಮೇಲಿನ ಅರವತ್ತು, ಎಪ್ಪತ್ತು ವರ್ಷ ಆ ಕಟ್ಟಡವನ್ನು ಯಾರು ಹತ್ತಿ ನೋಡುತ್ತಾರೆ?

ಲ್ಯಾನ್ಸ್‌ಡೌನ್ ವಿಷಯದಲ್ಲಿ ಕಾನೂನಿನ ಇನ್ನೊಂದು ಬಿರುಕು ಎದ್ದು ಕಾಣುತ್ತದೆ. ದುರಸ್ತಿಯ ನೋಟಿಸು ಆಯುಕ್ತರಿಂದ ಮಾಲೀಕನಿಗೆ ಹೋಗಬೇಕು. ಮಾಲೀಕ ಪಾಲಿಕೆಯೇ ಆದಾಗ ಬರೆಯುವವರೂ ಪಡೆಯುವವರೂ ಒಂದೇ ಕಚೇರಿಯವರು. ಸಾರ್ವಜನಿಕ ಕಟ್ಟಡಗಳ ತಪಾಸಣೆ ಪಾಲಿಕೆಯ ಹೊರಗಿನ ಒಂದು ಕೈಗೆ ಹೋಗಬೇಕು, ಅದರ ವರದಿ ಪ್ರತಿ ಮೇ ತಿಂಗಳಲ್ಲಿ ಆ ಕಟ್ಟಡದ ಬಾಗಿಲಿಗೇ ಅಂಟಿರಬೇಕು. ಒಳಗೆ ಕೂತು ವ್ಯಾಪಾರ ಮಾಡುವವರಿಗೆ, ಪುಸ್ತಕ ಹುಡುಕಿಕೊಂಡು ಬರುವವರಿಗೆ ತಲೆಯ ಮೇಲಿನ ತೊಲೆಯ ಸ್ಥಿತಿ ಮಳೆ ಹಿಡಿಯುವ ಮೊದಲೇ ತಿಳಿದಿರಬೇಕು.