ಕಡಲಿಲ್ಲದ ರಾಜ್ಯದ ಕಡಲ ಚಿತ್ರ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ರಾಜಾ ರವಿವರ್ಮನ ತೈಲಚಿತ್ರಗಳಲ್ಲಿ ಒಂದಕ್ಕೆ, ದಾರಿಗೊಡದ ಸಮುದ್ರರಾಜನ ಗರ್ವವನ್ನು ಶ್ರೀರಾಮನು ಭಂಗಪಡಿಸಿದ ಪ್ರಸಂಗವೇ ವಸ್ತು. ಬಂಡೆಯ ಮೇಲೆ ಧನುರ್ಧಾರಿಯಾದ ರಾಮ, ಸುತ್ತಲೂ ಭೋರ್ಗರೆಯುವ ತೆರೆಗಳು, ಮುಗಿಲಿನಲ್ಲಿ ಮಿಂಚು, ನೀರಿನಿಂದ ಶರಣಾಗತನಾಗಿ ಮೇಲೇಳುವ ವರುಣ. ಪುರಾಣದ ಕಥೆಯನ್ನು ಕಣ್ಣೆದುರಿನ ಘಟನೆಯೆಂಬಂತೆ ನಂಬಿಸುವ ಶಕ್ತಿ ಇಲ್ಲಿಯ ಬೆಳಕು ನೆರಳುಗಳಿಗಿದೆ.

ಕೆಂಗೇರಿಗೆ ಸಮೀಪವಾದ ಜ್ಞಾನಭಾರತಿಯಲ್ಲಿ ಇದರ ಮುದ್ರಿತ ಪ್ರತಿಯನ್ನು ವಿದ್ಯಾರ್ಥಿಗಳ ಮುಂದಿರಿಸಿದಾಗ, ಇಂಥ ಕಡಲಿನಲ್ಲಿ ಹಡಗೊಂದೂ ಇಲ್ಲವೇಕೆಂಬ ಪ್ರಶ್ನೆ ನಮಗೆ ಎದುರಾಯಿತು. ಹಡಗುಗಳಿದ್ದಿದ್ದರೆ ಸೇತುವೆಯ ಅಗತ್ಯವೇ ಬೀಳುತ್ತಿರಲಿಲ್ಲವೆಂಬುದು ಕಥೆಯೊಳಗಿನ ಉತ್ತರ. ಇತಿಹಾಸದ ವಿದ್ಯಾರ್ಥಿಯು ಅಷ್ಟಕ್ಕೇ ತೃಪ್ತನಾಗಲಾಗದು.

ರವಿವರ್ಮನು ಕಾಲವಾದುದು 1906ರಲ್ಲಿ. ಅವನ ಕೊನೆಯ ವರ್ಷಗಳಲ್ಲಿ ಅವನಿಗೆ ಆಶ್ರಯವಿತ್ತ ನಾಲ್ವಡಿ ಕೃಷ್ಣರಾಜ ಒಡೆಯರ ರಾಜ್ಯಕ್ಕೆ ಒಂದು ಬಂದರೂ ಇರಲಿಲ್ಲ. ಆದರೆ ಮೈಸೂರು ಹಿಂದೆಯೂ ಹೀಗೆಯೇ ಇದ್ದಿತೆಂದು ಭಾವಿಸುವುದು ತಪ್ಪು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿಗೆ ಕನ್ನಡ ಕರಾವಳಿಯೂ ದಕ್ಕಿತು. ಮಂಗಳೂರಿನಲ್ಲಿದ್ದ ಅವನ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಸರ್ ಎಡ್ವರ್ಡ್ ಹ್ಯೂಸನ ಇಂಗ್ಲಿಷ್ ನೌಕಾಪಡೆಯು ನಾಶಪಡಿಸಿತು. 1796ರಲ್ಲಿ ಟಿಪ್ಪುವು ಹೊಸ ನೌಕಾಪಡೆಯನ್ನು ಕಟ್ಟುವ ಆಜ್ಞೆಗಳನ್ನು ಹೊರಡಿಸಿದನು. ಅದು ಕೈಗೂಡುವ ಮೊದಲೇ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ಕರಾವಳಿಯು ಕಂಪನಿಯ ವಶವಾಯಿತು. 1956ರ ಏಕೀಕರಣದವರೆಗೆ, ಎಂದರೆ 157 ವರ್ಷಗಳ ಕಾಲ, ಮೈಸೂರು ಒಳನಾಡಾಗಿಯೇ ಉಳಿಯಿತು.

ಈ ನಷ್ಟವೇ ಚಿತ್ರಕ್ಕೆ ಪ್ರೇರಣೆಯೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಅರಮನೆಯ ಗೋಡೆಯ ಮೇಲೆ ಕಡಲು ಕೇವಲ ಪುರಾಣದ ಕಡಲಾಗಿ ಕಾಣಿಸುವ ಕಾಲಕ್ಕೆ, ಆಡಳಿತದ ಕಡತಗಳಿಂದ ಕಡಲು ಮರೆಯಾಗಿ ಒಂದು ಶತಮಾನವೇ ಸಂದಿದ್ದಿತೆಂಬುದು ಮಾತ್ರ ಗಮನಾರ್ಹ. ಕನ್ನಡಿಗರಿಗೆ ಸಮುದ್ರದ ಪರಿಚಯವೇ ಇರಲಿಲ್ಲವೆಂಬ ರೂಢಿಯ ಮಾತು ಇಂಥ ಮರೆವಿನಿಂದ ಬಲಗೊಳ್ಳುತ್ತದೆ. ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನವು ಸಾರುತ್ತದೆ. ಹಳೆಯ ಗೋವೆಯ ವಸ್ತುಸಂಗ್ರಹಾಲಯದಲ್ಲಿರುವ ಕದಂಬರ ಕಾಲದ ವೀರಗಲ್ಲಿನಲ್ಲಿ ನೌಕಾಯುದ್ಧದ ದೃಶ್ಯವೇ ಕೆತ್ತಲ್ಪಟ್ಟಿದೆ.

ರವಿವರ್ಮನ ತೆರೆಗಳನ್ನು ನಾವು ಮೆಚ್ಚಿ ನೋಡೋಣ. ಆದರೆ ಚಿತ್ರದಲ್ಲಿಲ್ಲದ ಹಡಗುಗಳನ್ನು ಶಾಸನದಲ್ಲಿಯೂ ಕಲ್ಲಿನಲ್ಲಿಯೂ ಅರಸುವುದು ನಮ್ಮ ಕರ್ತವ್ಯ.