ಮುಗಿಸಿದ ಆಟ ಮೂರು, ಹುಟ್ಟಿಸಿದ ಜೀವ ಐದು

ಹೋದ ವಾರ ರಜೆ ಹಾಕಿ ಎಲ್ಲಿಗೂ ಹೋಗದೆ ಮನೇಲೇ ಬಿದ್ದುಕೊಂಡಿದ್ದೆ. ಮಾಡಿದ್ದು ಎರಡೇ ಕೆಲಸ. ತಿಂಗಳುಗಟ್ಟಲೆ ಅರ್ಧಕ್ಕೆ ನಿಂತಿದ್ದ ಮೂರು ವಿಡಿಯೋ ಗೇಮ್ ಮುಗಿಸಿದೆ: ಬಾಲ್ಡರ್ಸ್ ಗೇಟ್ 3, ಡಿಸ್ಕೋ ಎಲಿಸಿಯಮ್, ಅಂಡರ್‌ಟೇಲ್. ಆಮೇಲೆ ಪೆನ್ಸಿಲ್, ಹಾಳೆ, ದಾಳ ಹಿಡಿದು ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಐದು ಪಾತ್ರಗಳನ್ನ ಸೃಷ್ಟಿಸಿದೆ. ಭಾನುವಾರ ಅಮ್ಮನ ಫೋನು.

"ರಜೇಲಿ ಏನೋ ಮಾಡ್ದೆ?"
"ಮೂರು ಆಟ ಮುಗಿಸ್ದೆ ಕಣಮ್ಮ."
"ಆಟ ಆಡ್ತಾರೆ, ಮುಗಿಸೋದು ಅಂದ್ರೇನೋ?"

ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕ್ತಾ ಹೋದರೆ ಅದು ಸುಮಾರು ಇನ್ನೂರೈವತ್ತು ವರ್ಷದ ಕತೆ. ಮಜಾ ಅಂದ್ರೆ ಅದರ ಬೇರು ನಮ್ಮ ಕಡೆಯದೇ.

ರಥ, ಆನೆ, ಕುದುರೆ, ಕಾಲಾಳುಗಳ ಚತುರಂಗ ಪರ್ಷಿಯಾ, ಅರಬ್ ದೇಶಗಳ ಮೂಲಕ ಯುರೋಪಿಗೆ ಹೋಗಿ ಚೆಸ್ ಆಯ್ತಲ್ಲ, 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್‌ವಿಗ್ ಅನ್ನೋನು ಅದನ್ನ ಹಿಗ್ಗಿಸಿ ನಿಜವಾದ ಯುದ್ಧಕ್ಕೆ ಹತ್ತಿರ ಇರೋ ಆಟ ಮಾಡಿದ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ತನ್ನ ಅಪ್ಪ ಶುರು ಮಾಡಿದ್ದ ಆಟವನ್ನ ತಿದ್ದಿ 'ಕ್ರೀಗ್ಸ್‌ಪೀಲ್' ಅಂತ ಹೊರತಂದ. ಚೌಕದ ಮಣೆ ಹೋಯ್ತು, ನಕ್ಷೆ ಬಂತು. ಏಟು ಎಷ್ಟು ಬಿತ್ತು ಅನ್ನೋದಕ್ಕೆ ದಾಳ ಬಂತು. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಅಂಪೈರ್ ಬಂದ. ಆಟಗಾರ ಆಜ್ಞೆ ಕೊಡ್ತಾನೆ, ಅದರಿಂದ ಏನಾಯ್ತು ಅಂತ ಅಂಪೈರ್ ಹೇಳ್ತಾನೆ. ಈ ಅಂಪೈರನ್ನ ನೆನಪಿಟ್ಟುಕೊಂಡಿರಿ, ಕೊನೇಲಿ ಬೇಕಾಗ್ತಾನೆ.

ಅಲ್ಲಿಂದ ಅಮೆರಿಕದ ಮಿನ್ನೆಸೋಟಕ್ಕೆ ಹಾರೋಣ. 1969ರಲ್ಲಿ ಡೇವ್ ವೆಸ್ಲಿ ಅನ್ನೋ ಹುಡುಗ ನೆಪೋಲಿಯನ್ ಕಾಲದ ಒಂದು ಆಟ ನಡೆಸಿದ. ಬ್ರೌನ್‌ಸ್ಟೈನ್ ಅನ್ನೋ ಕಲ್ಪನೆಯ ಊರು. ಸೈನ್ಯ ನಡೆಸೋರು ಇಬ್ಬರೇ ಸಾಕಿತ್ತು, ಆದರೆ ಬಂದೋರು ಜಾಸ್ತಿ. ಸರಿ, ಮಿಕ್ಕವರಿಗೆ ಊರಿನ ಮೇಯರ್, ಕಾಲೇಜು ವಿದ್ಯಾರ್ಥಿ ಅಂತೆಲ್ಲ ಒಂದೊಂದು ಪಾತ್ರ ಕೊಟ್ಟ. ಯುದ್ಧ ಶುರುವಾಗೋ ಮೊದಲೇ ಎಲ್ಲರೂ ಸಂಚು, ಒಳಒಪ್ಪಂದ ಅಂತ ಗಲಾಟೆ ಎಬ್ಬಿಸಿದರು. ಆಟ ಕೆಟ್ಟುಹೋಯ್ತು ಅಂತ ವೆಸ್ಲಿ ಅಂದುಕೊಂಡರೆ, ಆಡಿದವರು ಇನ್ನೊಂದ್ಸಲ ಮಾಡು ಅಂತ ದುಂಬಾಲು ಬಿದ್ದರು!

ಅವರಲ್ಲೊಬ್ಬ ಡೇವ್ ಆರ್ನೆಸನ್. 1971ರಲ್ಲಿ ಈತ ಕಟ್ಟಿದ ಲೋಕ ಬ್ಲ್ಯಾಕ್‌ಮೂರ್. ಕೋಟೆ, ಅದರ ಕೆಳಗೆ ಸುರಂಗ, ಒಳಗೆ ರಾಕ್ಷಸರು. ಇವತ್ತಿನ ಆಟದಲ್ಲಿ ಬದುಕಿ ಬಂದರೆ ಮುಂದಿನ ವಾರ ಅದೇ ಪಾತ್ರ ಇನ್ನಷ್ಟು ಬಲಿಯುತ್ತೆ. ಅಲ್ಲಿವರೆಗೆ ಕಾಯಿಗಳು ಸತ್ತರೆ ಡಬ್ಬಿಗೆ ಹೋಗ್ತಿದ್ದವು. ಈಗ ಕಾಯಿಗೊಂದು ನಾಳೆ ಹುಟ್ಟಿಕೊಂಡಿತು.

ಇದನ್ನ ನೋಡಿ ಹುಚ್ಚು ಹತ್ತಿಸಿಕೊಂಡವನು ವಿಸ್ಕಾನ್ಸಿನ್‌ನ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್. ವಿಮಾ ಕಂಪನಿಯ ಕೆಲಸ ಕಳಕೊಂಡು ಮನೇಲಿ ಚಪ್ಪಲಿ ಬೂಟು ರಿಪೇರಿ ಮಾಡ್ತಿದ್ದ ಮನುಷ್ಯ. ಆರ್ನೆಸನ್ ತಲೇಲಿದ್ದದ್ದನ್ನ ನಿಯಮಗಳಾಗಿ ಬರೆದು ಕೂರಿಸಿದ್ದು ಈತನೇ. 1974ರಲ್ಲಿ ಮರದ ಬಣ್ಣದ ಡಬ್ಬಿ, ಒಳಗೆ ಮೂರು ಪುಸ್ತಿಕೆ, ಬೆಲೆ 10 ಡಾಲರ್. ಮೊದಲ ಮುದ್ರಣ 1000 ಪ್ರತಿ. ಆಮೇಲೆ ದುಡ್ಡು ಬಂತು, ಜಗಳಾನೂ ಬಂತು. ಮುಂದಿನ ಆವೃತ್ತಿಯಲ್ಲಿ ಲೇಖಕನ ಜಾಗದಲ್ಲಿ ಗೈಗ್ಯಾಕ್ಸ್ ಹೆಸರು ಮಾತ್ರ. ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದ, 1981ರಲ್ಲಿ ರಾಜಿ ಆಯ್ತು. ಇತ್ತ 1985ರಲ್ಲಿ ಗೈಗ್ಯಾಕ್ಸ್ ಕೈಯಿಂದಲೂ ಕಂಪನಿಯ ಹಿಡಿತ ತಪ್ಪಿತು. ಐಡಿಯಾ ಕೊಟ್ಟವನದಾ, ಡಾಕ್ಯುಮೆಂಟೇಶನ್ ಬರೆದವನದಾ? ನಮ್ಮ ಆಫೀಸಿನಲ್ಲೂ ದಿನಾ ನಡೆಯೋ ಜಗಳ ಬಿಡಿ. 2008ರಲ್ಲಿ ಒಬ್ಬ ಹೋದ, 2009ರಲ್ಲಿ ಇನ್ನೊಬ್ಬ.

ಪಾತ್ರ ಅಂದರೆ ಆರು ಸಂಖ್ಯೆ ಅಷ್ಟೆ: ಬಲ, ಬುದ್ಧಿ, ವಿವೇಕ, ತಾಳಿಕೆ, ಚುರುಕು, ವರ್ಚಸ್ಸು. 1974ರ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ದಾಳ ಉರುಳಿಸಿ ಕೂಡಬೇಕು. ಬಿದ್ದ ಗರ ಬಿದ್ದಂತೆ, ಅದಲು ಬದಲು ಇಲ್ಲ. ಸರಾಸರಿ 10.5, ಪೂರ್ತಿ 18 ಬೀಳೋ ಸಾಧ್ಯತೆ 216ಕ್ಕೆ ಒಂದು. ನಾನು ಉರುಳಿಸಿದ್ದು ಮೂವತ್ತು ಸಲ, 18 ಬೀಳಲೇ ಇಲ್ಲ. ಆದ್ರೆ ಬಲ 5, ಬುದ್ಧಿ 16 ಬಿದ್ದಾಗ ಒಬ್ಬಳು ಎದ್ದು ನಿಂತಳು ನೋಡಿ. ತುಂಬಿದ ಕೊಡ ಎತ್ತಲಾರಳು, ಆದರೆ ಬಾವಿಯನ್ನೇ ಮಾತಾಡಿಸೋ ಮಂತ್ರಗಾತಿ. ಹೆಸರು ಚೆನ್ನಿ ಅಂತ ಇಟ್ಟೆ. ಬೇಕಾದ ಅಂಕ ಆರಿಸಿಕೊಂಡಿದ್ದರೆ ಚೆನ್ನಿ ಹುಟ್ಟುತ್ತಲೇ ಇರಲಿಲ್ಲ.

ಸಂಖ್ಯೆ ಅಂದಮೇಲೆ ನಮ್ಮ ಜಾತಿಯವರು, ಅಂದ್ರೆ ಪ್ರೋಗ್ರಾಮರ್‌ಗಳು, ಸುಮ್ನಿರ್ತಾರಾ? 1975ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ 'ಪೆಡಿಟ್5' ಅನ್ನೋ ಆಟ ಬಂತು. ಪಾಠಕ್ಕೆ ಮೀಸಲಾದ ಫೈಲಿನ ಹೆಸರಲ್ಲೇ ಅಡಗಿಸಿಟ್ಟಿದ್ದು, ಅದಕ್ಕೇ ಆ ವಿಚಿತ್ರ ಹೆಸರು. ಸಿಕ್ಕಿಬಿದ್ದು ಅಳಿಸಿಹೋಯ್ತು. ಅದರ ಬೆನ್ನಿಗೇ ಬಂದ 'ಡಿಎನ್‌ಡಿ'ಯಲ್ಲಿ ಕೊನೆಗೊಂದು ನಿಧಿ, ಅದನ್ನ ಕಾಯೋಕೆ ಡ್ರ್ಯಾಗನ್. ಗುಹೆ ಸುತ್ತೋ ಹವ್ಯಾಸವಿದ್ದ ವಿಲ್ ಕ್ರೌಥರ್ ತನ್ನ ಹೆಣ್ಣುಮಕ್ಕಳಿಗೋಸ್ಕರ ಬರೆದ 'ಅಡ್ವೆಂಚರ್' ಆಟವನ್ನ 1977ರಲ್ಲಿ ಡಾನ್ ವುಡ್ಸ್ ಬೆಳೆಸಿದಾಗ ಪೂರ್ಣಾಂಕ 350 ಅಂತಾಯ್ತು. 1980ರ 'ರೋಗ್' ಆಟದಲ್ಲಿ ತಾಯಿತ ತಂದರೆ ಗೆಲುವು, ಸತ್ತರೆ ಮೊದಲಿಂದ ಶುರು.

ನೋಡಿದ್ರಾ? 'ಮುಗಿಸೋದು' ಹುಟ್ಟಿದ್ದು ಇಲ್ಲಿ. ಕಂಪ್ಯೂಟರು ದಾಳ ಉರುಳಿಸ್ತು, ಸಂಖ್ಯೆ ನೆನಪಿಟ್ಟುಕೊಳ್ತು, ಆದರೆ ಆ ಅಂಪೈರ್ ಕೂತಿದ್ದ ಕುರ್ಚಿ ಖಾಲಿ ಉಳೀತು. ಕೋಡು ಬರೆದವನು ಎಲ್ಲವನ್ನೂ ಮೊದಲೇ ಬರೆದಿಡಬೇಕಲ್ಲ, ಬರೆಯೋದು ನಿಂತ ಕಡೆ ಆಟ ಮುಗಿಯುತ್ತೆ. ಮೇಜಿನ ಆಟಕ್ಕೆ ಆ ಕೊನೆ ಇಲ್ಲ. ಜನ ಬರೋದು ನಿಂತಾಗ ಅದು ನಿಲ್ಲುತ್ತೆ.

ನಮ್ಮದು ಹಾಗೇ ನಿಂತಿದ್ದು. ಇಲ್ಲಿ ಶಿಕಾಗೋದಲ್ಲಿ ಪ್ರತಿ ಗುರುವಾರ ಐದು ಜನ ಸೇರ್ತಿದ್ವಿ. ಒಬ್ಬನಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ತು. ಆಟ ನಡೆಸ್ತಿದ್ದ ಗೆಳೆಯ ವೀಸಾ ತಾಪತ್ರಯದಲ್ಲಿ ಬೆಂಗಳೂರಿಗೆ ವಾಪಸ್ಸಾದ. ಒಂದು ಗುಹೆಯ ಬಾಗಿಲಲ್ಲಿ ನಮ್ಮ ಪಾತ್ರಗಳು ನಿಂತೇ ಇವೆ. ಒಳಗೇನಿತ್ತು ಅಂತ ಅವನಿಗೆ ಮಾತ್ರ ಗೊತ್ತು. ನಾನು ಒಂದೇ ವಾರದಲ್ಲಿ ಮೂರು ಆಟ ಮುಗಿಸಿದ್ದು, ಆಡೋರೇ ಇಲ್ಲದ ಐದು ಪಾತ್ರ ಬರೆದದ್ದು ಯಾಕೆ ಅಂತ ಈಗ ಸ್ವಲ್ಪ ಹೊಳೀತಿದೆ.

ಅಮ್ಮನ ಫೋನ್ ಇಟ್ಟಮೇಲೆ ಅವನಿಗೆ ಮೆಸೇಜ್ ಹಾಕಿದೆ. ಇಲ್ಲಿ ಶನಿವಾರ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ಅಲ್ಲಿ ಸಂಜೆ ಏಳೂವರೆ, ಆಗುತ್ತಾ ಅಂತ. ಅರ್ಧ ಗಂಟೇಲಿ ಉತ್ತರ ಬಂತು: "ಮಗಾ, ಗುಹೆ ನಕ್ಷೆ ಇನ್ನೂ ಇಟ್ಕೊಂಡಿದೀನಿ. ದಾಳ ತಗೋ."

ಚೆನ್ನಿ ಸ್ವಲ್ಪ ದಿನ ಡ್ರಾಯರಲ್ಲಿ ಕಾಯಲಿ. ನಿಮ್ಮ ಮನೇಲೂ ಅರ್ಧಕ್ಕೆ ಎದ್ದುಹೋದ ಆಟ ಯಾವುದಾದ್ರೂ ಇದೆಯಾ? ಚೌಕಾಬಾರ ಆದ್ರೂ ಪರವಾಗಿಲ್ಲ, ಹೇಳಿ.