ಯೋಗಶಾಲೆಯ ನಿಯಮಗಳು ಮತ್ತು ಐದು ಸಮಿತಿಗಳು

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಮುಂಜಾನೆ ಓಡಾಡಿದವರಿಗೆ, ಸುತ್ತಿದ ಮ್ಯಾಟನ್ನು ಹೆಗಲಿಗೇರಿಸಿಕೊಂಡು ನಡೆಯುವ ದೇಶವಿದೇಶಗಳ ಯೋಗಾಭ್ಯಾಸಿಗಳು ಅಪರಿಚಿತರೇನಲ್ಲ. ಅವರು ಹೋಗಿ ಸೇರುವ ಶಾಲೆಗಳ ನಿಯಮಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪಾದರಕ್ಷೆ ಹೊರಗಿರಬೇಕು, ಹೊಟ್ಟೆ ಬರಿದಾಗಿರಬೇಕು, ಸುಗಂಧದ್ರವ್ಯ, ಮೊಬೈಲು ಕೂಡದು, ತಡವಾಗಿ ಬರಬಾರದು, ಮ್ಯಾಟನ್ನು ಸದ್ದಾಗುವಂತೆ ಬಿಸಾಡಬಾರದು, ಪಕ್ಕದವರ ಮ್ಯಾಟನ್ನು ತುಳಿಯಬಾರದು, ಶವಾಸನ ಮುಗಿಯುವ ಮುನ್ನ ಎದ್ದು ಹೋಗಬಾರದು. ಇವನ್ನು ಬರಿಯ ಶಿಷ್ಟಾಚಾರವೆಂದು ಬದಿಗಿಡುವುದು ಸುಲಭ. ಆದರೆ ಇವುಗಳಿಗೊಂದು ಚರಿತ್ರೆಯಿದೆ. ಅದರಲ್ಲಿ ಉಳಿದುಬಂದದ್ದೇನು, ಬಿಟ್ಟುಹೋದದ್ದೇನು ಎಂಬುದು ಜೈನಶಾಸ್ತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ.

15ನೆಯ ಶತಮಾನದ ಸ್ವಾತ್ಮಾರಾಮನ ಹಠಪ್ರದೀಪಿಕೆ ಯೋಗಾಭ್ಯಾಸದ ಸ್ಥಳವನ್ನು ಮಠವೆಂದು ಕರೆದು ವರ್ಣಿಸುತ್ತದೆ. ಬಾಗಿಲು ಕಿರಿದು, ಕಿಟಕಿಗಳಿಲ್ಲ, ನೆಲ ಸಗಣಿಯಿಂದ ಸಾರಿಸಿದ್ದು, ಒಳಗೆ ಕ್ರಿಮಿಕೀಟಗಳಿರಬಾರದು, ಹೊರಗೆ ಮಂಟಪ, ಬಾವಿ, ಸುತ್ತ ಗೋಡೆ. ಅದು ಒಬ್ಬನೇ ಕುಳಿತು ಸಾಧಿಸುವ ಏಕಾಂತದ ಕೋಣೆ. ಯೋಗವನ್ನು ಕೆಡಿಸುವ ಆರು ಸಂಗತಿಗಳಲ್ಲಿ ಜನಸಂಗವೂ ಒಂದೆಂದು ಆ ಗ್ರಂಥವೇ ಹೇಳುತ್ತದೆ. ಅದೇ ಪಟ್ಟಿಯಲ್ಲಿ 'ನಿಯಮಾಗ್ರಹ' ಎಂಬ ಪದವೂ ಇದೆ. ನಿಯಮ + ಆಗ್ರಹ ಎಂದು ಬಿಡಿಸಿದರೆ ನಿಯಮದ ಹಟವೇ ದೋಷ; ನಿಯಮ + ಅಗ್ರಹ ಎಂದು ಬಿಡಿಸಿದರೆ ನಿಯಮವನ್ನು ಹಿಡಿಯದಿರುವುದು ದೋಷ. ಜ್ಯೋತ್ಸ್ನಾ ವ್ಯಾಖ್ಯಾನಕಾರನಾದ ಬ್ರಹ್ಮಾನಂದ ಮೊದಲನೆಯ ಅರ್ಥವನ್ನು ಹಿಡಿಯುತ್ತಾನೆ. ವ್ಯಾಕರಣದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪಕ್ಕದವರ ಮ್ಯಾಟಿನ ಪ್ರಶ್ನೆ ಹುಟ್ಟಬೇಕಾದರೆ ಪಕ್ಕದಲ್ಲಿ ಒಬ್ಬರಿರಬೇಕಷ್ಟೆ. ಕರ್ನಾಟಕದ ಮಟ್ಟಿಗೆ ಆ ಬದಲಾವಣೆ ಎದ್ದು ಕಾಣುವುದು 1933ರಲ್ಲಿ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದರು. ಅರಸು ಮನೆತನದ ಹುಡುಗರು ಅಲ್ಲಿ ಒಟ್ಟಾಗಿ ಕಲಿತರು. ಮರುವರ್ಷ ಹೊರಬಂದ ಅವರ 'ಯೋಗಮಕರಂದ' ಕನ್ನಡದಲ್ಲಿಯೇ ರಚಿತವಾದುದೆಂಬುದನ್ನು ನಾವು ಆಗಾಗ ಮರೆಯುತ್ತೇವೆ. ಅವರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಶಾಲೆಯನ್ನು ತೆರೆದರು. ಆ ಪರಂಪರೆಯ ಶಾಲೆಗಳು ಅಮಾವಾಸ್ಯೆ, ಹುಣ್ಣಿಮೆಗಳಂದು ಮುಚ್ಚಿರುತ್ತವೆ. ಚಂದ್ರನಿಗೂ ದೇಹದ ನೀರಿನಂಶಕ್ಕೂ ಸಂಬಂಧ ಕಲ್ಪಿಸಿ ಇದನ್ನು ವಿವರಿಸುವವರಿದ್ದಾರೆ. ಜೋಯಿಸರು ಸಂಸ್ಕೃತ ಪಾಠಶಾಲೆಯ ಅಧ್ಯಾಪಕರಾಗಿದ್ದರು. ಪಾಠಶಾಲೆಗಳಲ್ಲಿ ಆ ತಿಥಿಗಳು ಅನಧ್ಯಯನದ ದಿನಗಳು. ಅಲ್ಲಿಂದಲೇ ಈ ರೂಢಿ ಬಂದಿರಬೇಕೆಂಬುದು ನನ್ನ ಊಹೆ.

ಇನ್ನು ಜೈನರ ಕಡೆಗೆ ಬರೋಣ. ಪತಂಜಲಿಯ ಐದು ಯಮಗಳೂ ಜೈನರ ಐದು ಮಹಾವ್ರತಗಳೂ ಒಂದೇ. ದೇಶಕಾಲಗಳ ಮಿತಿಯಿಲ್ಲದೆ ಪಾಲಿಸಿದಾಗ ಯಮಗಳನ್ನು 'ಮಹಾವ್ರತ'ವೆಂದು ಪತಂಜಲಿಯೇ ಕರೆಯುತ್ತಾನೆ. ಇದು ಬಹಳ ಜನ ಬರೆದಿರುವ ವಿಷಯ. ನನಗೆ ಹೆಚ್ಚು ಮುಖ್ಯವೆನಿಸುವುದು ವ್ರತಗಳ ಕಾವಲಿಗಿರುವ ಐದು ಸಮಿತಿಗಳು: ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗ. ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವುದು ಮೊದಲನೆಯದು. ವಸ್ತುವನ್ನು ನೋಡಿ ಎತ್ತಿಕೊಳ್ಳುವುದು, ನೋಡಿ ಇಡುವುದು ನಾಲ್ಕನೆಯದು. ಮುನಿ ಕುಳಿತುಕೊಳ್ಳುವ ಮುನ್ನ ಪಿಂಛಿಯಿಂದ ನೆಲವನ್ನು ಮೆಲ್ಲಗೆ ಗುಡಿಸುತ್ತಾನೆ. ಮ್ಯಾಟನ್ನು ಮೆಲ್ಲಗೆ ಹಾಸುವುದಕ್ಕೂ ಇದಕ್ಕೂ ಹೊರಗಿನ ಚಲನೆ ಒಂದೇ. ಆದರೆ ಅಲ್ಲಿ ಕಾಳಜಿ ಹಣ ಕೊಟ್ಟು ಬಂದ ಪಕ್ಕದ ಅಭ್ಯಾಸಿಯ ನೆಮ್ಮದಿಗೆ. ಇಲ್ಲಿ ಕಣ್ಣಿಗೆ ಕಾಣದ, ದೂರು ಹೇಳಲಾರದ ಜೀವಕ್ಕೆ.

ಹೇಮಚಂದ್ರಾಚಾರ್ಯರ 12ನೆಯ ಶತಮಾನದ 'ಯೋಗಶಾಸ್ತ್ರ'ದಲ್ಲಿ ಆಸನಗಳು ಬರುವುದು ನಾಲ್ಕನೆಯ ಪ್ರಕಾಶದ ಕೊನೆಗೆ. ಅವುಗಳಲ್ಲಿ ಕಾಯೋತ್ಸರ್ಗವಿದೆ, ಶ್ವೇತಾಂಬರ ಆಗಮಗಳ ಪ್ರಕಾರ ಮಹಾವೀರನು ಕೇವಲಜ್ಞಾನ ಪಡೆದ ಗೋದೋಹಿಕೆಯೂ ಇದೆ. ಯಾವುದರಿಂದ ಮನಸ್ಸು ಸ್ಥಿರವಾಗುವುದೋ ಅದೇ ಆಸನ ಸಾಕು ಎಂದು ಆಚಾರ್ಯರು ವಿಷಯವನ್ನು ಮುಗಿಸಿಬಿಡುತ್ತಾರೆ. ಅದಕ್ಕೂ ಹಿಂದಿನದೆಲ್ಲ ಬಹುಪಾಲು ಆಚಾರದ ಮಾತು. ಗೃಹಸ್ಥನಿಗೆ ಹೇಳಿದ 35 ಗುಣಗಳಲ್ಲಿ ನ್ಯಾಯವಾಗಿ ಗಳಿಸಿದ ಸಂಪತ್ತು ಮೊದಲನೆಯದು. ಅಜೀರ್ಣವಾದಾಗ ಊಟ ಬಿಡುವುದೂ ಆ ಪಟ್ಟಿಯಲ್ಲಿದೆ. ಬರಿದಾದ ಹೊಟ್ಟೆಯನ್ನು ಇಂದಿನ ಶಾಲೆಗಳು ಕೇಳುತ್ತವೆ. ಶುಲ್ಕದ ಹಣ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಬಿಡುವು ಬೇರೆಡೆ ಇದೆ. ಶಾಲೆಗಳ ನಿಯಮಗಳನ್ನು ಓದಿ ನೋಡಿ: ಸಾಮಾನ್ಯವಾಗಿ ಅವು ಕಟ್ಟುವುದು ವಿದ್ಯಾರ್ಥಿಯನ್ನು, ಗುರುವನ್ನಲ್ಲ. ಜೈನಪರಂಪರೆಯಲ್ಲಿ ಆಚಾರ್ಯನೆಂದರೆ ಪಂಚಾಚಾರಗಳನ್ನು ತಾನು ಆಚರಿಸಿ ಇತರರಿಂದ ಆಚರಿಸುವವನು. 'ತಾನು' ಎಂಬುದು ಅಲ್ಲಿ ಮೊದಲು. ವಟ್ಟಕೇರರ ಮೂಲಾಚಾರ ಇನ್ನೂ ನಿರ್ದಿಷ್ಟ. ಆರ್ಯಿಕೆಯರು ಆಚಾರ್ಯನಿಗೆ ಐದು, ಉಪಾಧ್ಯಾಯನಿಗೆ ಆರು, ಸಾಧುವಿಗೆ ಏಳು ಮೊಳ ದೂರದಿಂದ ವಂದಿಸಬೇಕು. ಆರ್ಯಿಕೆಯೊಬ್ಬಳೇ ಬಂದು ಪ್ರಶ್ನೆ ಕೇಳಿದರೆ ಒಬ್ಬನೇ ಇರುವ ಮುನಿ ಉತ್ತರಿಸಬಾರದು. ಗಣಿನಿಯನ್ನು ಮುಂದಿಟ್ಟುಕೊಂಡು ಕೇಳಿದರೆ ಉತ್ತರಿಸಬಹುದು. ಇಂದು ಒಪ್ಪಲಾಗದ ಮಾತುಗಳೂ ಆ ಅಧ್ಯಾಯದಲ್ಲಿವೆ. ಆದರೂ ಏಕಾಂತದಲ್ಲಿ ತಡೆದು ನಿಲ್ಲುವ ಹೊಣೆಯನ್ನು ಅದು ಹೊರಿಸುವುದು ಬಲವುಳ್ಳವನ ಮೇಲೆ.

ಕಳೆದ ದಶಕದಲ್ಲಿ ಹೆಸರಾಂತ ಯೋಗಗುರುಗಳು ಆಸನ ತಿದ್ದುವ ನೆಪದಲ್ಲಿ ಮೈಮುಟ್ಟಿದ ಬಗೆಯನ್ನು ಶಿಷ್ಯೆಯರೇ ಬಹಿರಂಗವಾಗಿ ಹೇಳಿದರು. ಮೈಸೂರಿನ ಪರಂಪರೆಯೂ ಅದಕ್ಕೆ ಹೊರತಾಗಲಿಲ್ಲ. ಈಗ ಕೆಲವು ಶಾಲೆಗಳಲ್ಲಿ ಅಭ್ಯಾಸಿಗಳು ಮ್ಯಾಟಿನ ಅಂಚಿನಲ್ಲಿ ಒಂದು ಬಿಲ್ಲೆಯನ್ನು ಇಡುತ್ತಾರೆ: ಒಂದು ಮುಖ ಮೇಲಿದ್ದರೆ ಮುಟ್ಟಿ ತಿದ್ದಬಹುದು, ಇನ್ನೊಂದಿದ್ದರೆ ಮುಟ್ಟಬಾರದು. ಒಳ್ಳೆಯ ಏರ್ಪಾಡೇ. ಆದರೆ ಆ ಬಿಲ್ಲೆಯನ್ನು ಮಗುಚಿಡುವ ಕೆಲಸವೂ ವಿದ್ಯಾರ್ಥಿಯದೇ.